ಒಂದೇ ಬೀಜ, ಒಂದೇ ಗೊಬ್ಬರ. ಆದರೂ ನನ್ನ ರಾಗಿ ಇಳುವರಿ ಅರ್ಧ ಯಾಕೆ?

ಪ್ರಶ್ನೆ: ನಾನು ತುಮಕೂರು ಜಿಲ್ಲೆಯವನು. ಎರಡು ಎಕರೆ ಕೆಂಪು ಮಣ್ಣಿನ ಬೆದ್ದಲು ಇದೆ, ಮಳೆ ನಂಬಿ ರಾಗಿ ಬೆಳೀತೀನಿ. ಪಕ್ಕದ ಹೊಲ ನಮ್ಮ ದೊಡ್ಡಪ್ಪನ ಮಗನದು. ಇಬ್ಬರೂ ಜಿಪಿಯು-28 ತಳಿಯ ಬೀಜವನ್ನೇ ತಂದೆವು. ಎಕರೆಗೆ ಒಂದು ಮೂಟೆ ಡಿಎಪಿ, ಆಮೇಲೆ ಒಂದು ಮೂಟೆ ಯೂರಿಯಾ, ಇಬ್ಬರದೂ ಒಂದೇ ಲೆಕ್ಕ. ಅಣ್ಣ ಜುಲೈ 17ಕ್ಕೆ ಕೂರಿಗೆ ಹಾಕಿಸಿ ಸಾಲಾಗಿ ಬಿತ್ತಿಸಿದ. ನನಗೆ ಟ್ರ್ಯಾಕ್ಟರ್ ಸಿಕ್ಕಿದ್ದು ತಡ. ಆಗಸ್ಟ್ 5ಕ್ಕೆ ಎಕರೆಗೆ 10 ಕೆಜಿ ಬೀಜ ಚೆಲ್ಲಿದೆ. ನನ್ನ ಹೊಲ ದಿಬ್ಬದ ಮೇಲಿದೆ, ಅವನದು ಅದರ ಕೆಳಗೆ. ಅವನಿಗೆ ಎಕರೆಗೆ 11 ಕ್ವಿಂಟಲ್ ಆಯ್ತು. ನನಗೆ 6 ಕೂಡ ದಾಟಲಿಲ್ಲ. ಮಳೆ ಒಂದೇ, ಬೀಜ ಒಂದೇ, ಗೊಬ್ಬರ ಒಂದೇ. ಮುಂದಿನ ವರ್ಷ ಯೂರಿಯಾ ಜಾಸ್ತಿ ಮಾಡ್ಲಾ? ಇಲ್ಲ ತಳಿ ಬದಲಾಯಿಸ್ಲಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿರುವುದು ಯೂರಿಯಾ ಮತ್ತು ತಳಿಯ ಬಗ್ಗೆ. ಆದರೆ ಉತ್ತರ ಇರುವುದು ನೀವು ನಡುವೆ ಸುಮ್ನೆ ಹೇಳಿಕೊಂಡು ಹೋದ ಮೂರು ಮಾತಿನಲ್ಲಿ. ಆಗಸ್ಟ್ 5, ಹತ್ತು ಕೆಜಿ ಬೀಜ, ದಿಬ್ಬದ ಮೇಲಿನ ಹೊಲ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಯೂರಿಯಾ ಜಾಸ್ತಿ ಮಾಡಬೇಡಿ. ತಳಿಯನ್ನೂ ಬದಲಾಯಿಸಬೇಕಿಲ್ಲ. ಯಾಕೆ ಅಂತ ನಿಧಾನವಾಗಿ ಹೇಳ್ತೀನಿ, ಸ್ವಲ್ಪ ಉದ್ದವಾಗುತ್ತದೆ.

ನಿಮ್ಮೂರ ಕೆರೆಯನ್ನೇ ನೆನೆಸಿಕೊಳ್ಳಿ. ಏರಿ ಎಷ್ಟೇ ಎತ್ತರ ಕಟ್ಟಿದರೂ ನೀರು ನಿಲ್ಲುವುದು ಕೋಡಿ ಮಟ್ಟದವರೆಗೆ ಮಾತ್ರ. ಅದರ ಮೇಲೆ ಬಂದದ್ದೆಲ್ಲ ಹರಿದು ಹೋಗುತ್ತದೆ. ಬೆಳೆಯೂ ಹಾಗೇ. ನೀರು, ಮಣ್ಣಿನ ಆಳ, ಪೈರಿನ ಸಂಖ್ಯೆ, ಗೊಬ್ಬರ, ಬಿಸಿಲು, ಬಿತ್ತಿದ ದಿನ, ಇದರಲ್ಲಿ ಯಾವುದು ತೀರಾ ಕಡಿಮೆಯೋ ಅದೇ ಆ ವರ್ಷದ ಕೋಡಿ. ಉಳಿದದ್ದನ್ನು ಎಷ್ಟು ಸುರಿದರೂ ಇಳುವರಿ ಅದನ್ನು ದಾಟುವುದಿಲ್ಲ. ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್ 19ನೇ ಶತಮಾನದಲ್ಲಿ ಪೋಷಕಾಂಶಗಳ ವಿಷಯದಲ್ಲಿ ಹೇಳಿದ್ದೂ ಇದನ್ನೇ. ಯೂರಿಯಾ ಜಾಸ್ತಿ ಮಾಡುವುದೆಂದರೆ ಏರಿ ಎತ್ತರಿಸಿದ ಹಾಗೆ. ನಿಮ್ಮ ಹೊಲದ ಕೋಡಿ ಬೇರೆ ಕಡೆ ಇದೆ.

ಮೊದಲು ಮಳೆ ನೋಡೋಣ. ಮಳೆ ಒಂದೇ ಅಂತ ಬರೆದಿದ್ದೀರಿ. ಆಕಾಶದಿಂದ ಬಿದ್ದದ್ದು ಒಂದೇ, ಮಣ್ಣೊಳಗೆ ಇಳಿದದ್ದು ಒಂದೇ ಅಲ್ಲ. ಒಂದು ಎಕರೆ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. ಒಂದು ಜೋರು ಮಳೆಗೆ 30 ಮಿಲಿಮೀಟರ್ ಆಯ್ತು ಅನ್ನಿ. ಎಕರೆಗೆ 1 ಲಕ್ಷದ 20 ಸಾವಿರ ಲೀಟರ್. ಇಳಿಜಾರಿನಲ್ಲಿ ಅದರ ಮೂರನೇ ಒಂದು ಪಾಲು ಹರಿದು ಹೋದರೂ 40 ಸಾವಿರ ಲೀಟರ್ ಹೋಯ್ತು. ಅಂದರೆ 5,000 ಲೀಟರಿನ ಎಂಟು ಟ್ಯಾಂಕರ್ ನೀರು, ಒಂದೇ ಮಳೆಗೆ, ಒಂದೇ ಎಕರೆಯಿಂದ. ಆ ನೀರು ಹೋದದ್ದೆಲ್ಲಿಗೆ? ಕೆಳಗಿನ ಹೊಲಕ್ಕೆ. ನಿಮ್ಮ ಅಣ್ಣನ ರಾಗಿ ತನ್ನ ಪಾಲಿನ ಮಳೆ ಕುಡಿದು, ನಿಮ್ಮ ಪಾಲಿನದ್ದನ್ನೂ ಸ್ವಲ್ಪ ಕುಡಿದಿದೆ.

ನೀರು ಬರಿಗೈಲಿ ಹೋಗುವುದಿಲ್ಲ. ಮೇಲ್ಮಣ್ಣನ್ನು ಹೊತ್ತುಕೊಂಡು ಹೋಗುತ್ತದೆ. ನುಣ್ಣನೆ ಮಣ್ಣು, ಗೊಬ್ಬರದ ಸತ್ವ, ಕೊಳೆತ ಎಲೆಕಸ, ಎಲ್ಲ ಕೆಳಕ್ಕೆ. ಮೇಲೆ ಉಳಿಯುವುದು ಜಲ್ಲಿ, ಮರಳು. ಒಂದು ಕೆಲಸ ಮಾಡಿ. ಗುದ್ದಲಿ ತಗೊಂಡು ನಿಮ್ಮ ಹೊಲದ ನೆತ್ತಿಯಲ್ಲಿ ಒಂದು ಗುಂಡಿ, ಅಣ್ಣನ ಹೊಲದ ತಗ್ಗಿನಲ್ಲಿ ಒಂದು ಗುಂಡಿ ತೋಡಿ ನೋಡಿ. ಇಂಥ ಹೊಲಗಳಲ್ಲಿ ನಾನು ಮತ್ತೆ ಮತ್ತೆ ಕಂಡಿರುವುದು ಇದು: ಮೇಲೆ ಒಂದಡಿಗೆಲ್ಲ ಗಟ್ಟಿ ಗರಸು ಸಿಗುತ್ತದೆ, ಕೆಳಗೆ ಮೂರಡಿ ತೋಡಿದರೂ ಮಣ್ಣೇ ಬರುತ್ತದೆ. ಮಳೆ ಕೈಕೊಟ್ಟಾಗ ಆ ಮೂರಡಿ ಮಣ್ಣೇ ಪೈರಿನ ಕೆರೆ. ಒಂದಡಿ ಮಣ್ಣಿನ ಪೈರು ಮಧ್ಯಾಹ್ನಕ್ಕೇ ಎಲೆ ಸುತ್ತಿಕೊಂಡು ನಿಲ್ಲುವುದು ಇದರಿಂದಲೇ.

ಇದಕ್ಕೆ ಮದ್ದು ಅಂಗಡಿಯಲ್ಲಿಲ್ಲ, ಉಳುಮೆಯಲ್ಲಿದೆ. ಕೊಯ್ಲಾದ ಮೇಲೆ ಮಾಗಿ ಉಳುಮೆ ಮಾಡಿಸಿ, ಇಳಿಜಾರಿಗೆ ಅಡ್ಡಲಾಗಿ. ಮಣ್ಣು ಬಾಯಿ ಬಿಟ್ಟುಕೊಂಡಿದ್ದರೆ ಬೇಸಿಗೆ ಮಳೆಯೂ ಒಳಗೆ ಇಳಿಯುತ್ತದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತ ಹಿರಿಯರು ಹೇಳುತ್ತಿದ್ದರಲ್ಲ, ಏಪ್ರಿಲ್ ಕೊನೆಯ ಆ ಮಳೆಗೇ ಹೊಲ ಉತ್ತು ಅಣಿ ಮಾಡಿಕೊಳ್ಳುವವರ ಲೆಕ್ಕ ಅದು. ಬದು ಒಡೆದಿದ್ದರೆ ಈ ಬೇಸಿಗೆಯಲ್ಲೇ ಕಟ್ಟಿಸಿ. ಬಿತ್ತುವುದೂ ಇಳಿಜಾರಿಗೆ ಅಡ್ಡಲಾಗಿಯೇ. ನಿಮ್ಮ ಕಡೆ ಅಕ್ಕಡಿ ಸಾಲು ಹಾಕುವುದು ಇನ್ನೂ ಇದೆಯಲ್ವಾ? ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿ, ಆ ಎರಡು ತೊಗರಿ ಸಾಲಿನ ನಡುವೆ ಒಂದು ಆಳದ ಸಾಲು ಹೊಡೆದುಬಿಡಿ. ಹರಿಯುವ ನೀರು ಅಲ್ಲಿ ನಿಂತು ಇಂಗುತ್ತದೆ. ರಾಗಿಗೂ ಆಯ್ತು, ತೊಗರಿಗೂ ಆಯ್ತು. ತೊಗರಿ ಬೇರು ಆಳಕ್ಕೆ ಹೋಗುತ್ತದೆ, ರಾಗಿ ಕೊಯ್ದ ಮೇಲೂ ಹೊಲದಲ್ಲಿರುತ್ತದೆ. ಒಂದು ಕೈಕೊಟ್ಟರೂ ಇನ್ನೊಂದು ಕೈಹಿಡಿಯುತ್ತದೆ.

ಇನ್ನು ತಾರೀಖು. ಜುಲೈ 17 ಎಂದರೆ ಪುನರ್ವಸು ಮಳೆ. ಆಗಸ್ಟ್ 5 ಎಂದರೆ ಆಶ್ಲೇಷ. ನಡುವೆ 19 ದಿನ. ಹತ್ತೊಂಬತ್ತು ದಿನದಲ್ಲಿ ಏನಾಗುತ್ತೆ ಅಂತ ಅನಿಸಬಹುದು. ಜಿಪಿಯು-28 ಸುಮಾರು 110ರಿಂದ 115 ದಿನದ ತಳಿ. ಹೆಚ್ಚು ಕಡಿಮೆ 70ರಿಂದ 75ನೇ ದಿನಕ್ಕೆ ತೆನೆ ಹೊರಬಿದ್ದು ಹೂವಾಗುತ್ತದೆ, ಆಮೇಲೆ ಒಂದು ತಿಂಗಳು ಚಿಲ್ಲರೆ ಕಾಳು ತುಂಬುತ್ತದೆ. ಅಣ್ಣನ ರಾಗಿ ಹೂವಾದದ್ದು ಸೆಪ್ಟೆಂಬರ್ ಕೊನೆಗೆ. ನಮ್ಮ ದಕ್ಷಿಣ ಒಳನಾಡಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳೇ ಒಳ್ಳೆಯ ಮಳೆಯ ಕಾಲ. ಉತ್ತರೆ, ಹಸ್ತ ಮಳೆ ಹೂವಿಗೆ, ಚಿತ್ತೆ ಕಾಳಿಗೆ. ಅವರ ಬೆಳೆ ಸರಿಯಾಗಿ ಆ ಮಳೆಗೆ ಬಾಯೊಡ್ಡಿ ನಿಂತಿತ್ತು. ನಿಮ್ಮದು ಹೂವಾದದ್ದು ಅಕ್ಟೋಬರ್ ಮಧ್ಯ ದಾಟಿದ ಮೇಲೆ. ಕಾಳು ತುಂಬುವ ಹೊತ್ತಿಗೆ ನವೆಂಬರ್, ಮಳೆ ಹಿಂದೆ ಸರಿದಿತ್ತು, ಚಳಿ ಕಾಲಿಟ್ಟಿತ್ತು.

ರಾಗಿ ಗಟ್ಟಿ ಬೆಳೆ. ಎಳೆಯ ಪೈರಿಗೆ ಎರಡು ವಾರ ಮಳೆ ಇಲ್ಲದಿದ್ದರೂ ಸೊರಗಿ ನಿಂತು, ಒಂದು ಮಳೆಗೆ ಮತ್ತೆ ಚಿಗುರುತ್ತದೆ. ಆದರೆ ಹೂವಿನ ಹೊತ್ತಿಗೆ, ಕಾಳು ಹಾಲುಗಟ್ಟುವ ಹೊತ್ತಿಗೆ ಬಾಯಾರಿದರೆ ಅದು ಮರೆಯುವುದಿಲ್ಲ. ತೆನೆ ನೋಡಲು ಚೆನ್ನಾಗಿರುತ್ತದೆ, ಉಜ್ಜಿದರೆ ಅಂಗೈಲಿ ಹೊಟ್ಟೇ ಜಾಸ್ತಿ. ನಿಮಗೂ ಒಕ್ಕಣೆಯಲ್ಲಿ ಹಾಗೇ ಅನಿಸಿರಬೇಕು.

ತಳಿ ಬದಲಾಯಿಸಬೇಕಾದ ಸಂದರ್ಭ ಒಂದೇ ಒಂದು, ಬಿತ್ತನೆ ತಡವಾದಾಗ. ಜೂನ್‌ನಲ್ಲೇ ಹದ ಸಿಕ್ಕರೆ ಎಂಆರ್-1, ಎಂಆರ್-6ರಂಥ 120 ದಿನ ದಾಟುವ ತಳಿ ಹಾಕಬಹುದು. ಜುಲೈಗೆ ಜಿಪಿಯು-28, ಎಂಎಲ್-365. ಆಗಸ್ಟ್‌ಗೆ ಹೋಯ್ತೋ, ಜಿಪಿಯು-48ರಂಥ ನೂರು ದಿನದ ಒಳಗಿನ ಅಲ್ಪಾವಧಿ ತಳಿಗೆ ಬನ್ನಿ. ಮನೆಯಲ್ಲಿ ಎರಡು ಬಗೆಯ ಬೀಜ ಇಟ್ಟುಕೊಂಡಿರುವುದು ಮಳೆ ನಂಬಿದವರಿಗೆ ತುಂಬ ಮುಖ್ಯ. ರಾಗಿ ತನ್ನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುವ ಬೆಳೆ, ಬೆರಕೆ ಆಗದ ಹಾಗೆ ನೋಡಿಕೊಂಡರೆ ಮೂರು ವರ್ಷ ನಿಮ್ಮ ಬೀಜವನ್ನೇ ಬಿತ್ತಬಹುದು.

ನಿಮ್ಮ ಕೈಲಿರುವ ಬೀಜವಂತೂ ಸಾಧಾರಣದ್ದಲ್ಲ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಿಯಾದ ಇಂಡ್, ಆಫ್ರಿಕಾದ ಆಫ್. ಜನ ಅವರನ್ನು ರಾಗಿ ಬ್ರಹ್ಮ ಅಂತಲೇ ಕರೆದರು. ಜಿಪಿಯು-28ರ ವಂಶದಲ್ಲಿ ಇಂಡಾಫ್-5 ಮತ್ತು ಇಂಡಾಫ್-9 ಎರಡೂ ಇವೆ, ಜೊತೆಗೆ ಎಲೆ, ತೆನೆಯ ಕುತ್ತಿಗೆ ಸುಟ್ಟಂತೆ ಮಾಡುವ ಬೆಂಕಿ ರೋಗ ತಡೆಯುವ ಶಕ್ತಿಯೂ ಇದೆ. ಒಂದು ಜೀವಮಾನದ ದುಡಿಮೆ ಆ ಕಾಳಿನೊಳಗಿದೆ. ಅದನ್ನು ಒತ್ತೊತ್ತಾಗಿ ಚೆಲ್ಲಿ ಉಸಿರು ಕಟ್ಟಿಸುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹತ್ತು ಕೆಜಿ ಬೀಜದ ಮಾತಿಗೆ ಬರುತ್ತೇನೆ. ನನ್ನ ಪ್ರಕಾರ ನಿಮ್ಮ ಹೊಲದ ಕೋಡಿ ಎಲ್ಲಕ್ಕಿಂತ ತಗ್ಗಿರುವುದು ಇಲ್ಲೇ. ಸಾವಿರ ರಾಗಿ ಕಾಳು ಸುಮಾರು 3 ಗ್ರಾಂ ತೂಗುತ್ತದೆ. 10 ಕೆಜಿ ಎಂದರೆ 33 ಲಕ್ಷ ಕಾಳು. ಒಂದು ಎಕರೆ 4,047 ಚದರ ಮೀಟರ್. ಭಾಗಿಸಿ ನೋಡಿ, ಒಂದು ಚದರ ಮೀಟರಿಗೆ 800ಕ್ಕಿಂತ ಜಾಸ್ತಿ ಕಾಳು ಬಿದ್ದಿವೆ. ಅಲ್ಲಿ ಇರಬೇಕಾದ ಪೈರು ಎಷ್ಟು ಗೊತ್ತಾ? ಸಾಲಿನಿಂದ ಸಾಲಿಗೆ ಒಂದಡಿ, ಪೈರಿನಿಂದ ಪೈರಿಗೆ ನಾಲ್ಕು ಬೆರಳು ಅಂದರೆ ಹೆಚ್ಚು ಕಡಿಮೆ 10 ಸೆಂಟಿಮೀಟರ್. ಆ ಲೆಕ್ಕಕ್ಕೆ 33. ಇನ್ನೂ ಸ್ವಲ್ಪ ಒತ್ತಾಗಿ ಬಿಟ್ಟರೂ 44. ಮೊಳೆಯದೆ, ಇರುವೆ ತಿಂದು, ಬಾಡಿ ಹೋದದ್ದನ್ನೆಲ್ಲ ಕಳೆದರೂ ನಿಮ್ಮಲ್ಲಿ ಕೊನೆಗೆ ನೂರಕ್ಕೆ ಕಡಿಮೆ ಉಳಿದಿರಲಾರದು.

ಒತ್ತಾದ ಜಾಗದ ಒಂದು ಪೈರು ಕಿತ್ತು ಕೈಯಲ್ಲಿ ಹಿಡಿದು ನೋಡಿ. ಕಾಂಡ ಬೆಂಕಿಕಡ್ಡಿಯಷ್ಟು ಸಪೂರ. ಬುಡದಲ್ಲಿ ತೆಂಡೆಯೇ, ಅಂದರೆ ಪಕ್ಕದ ಮರಿ ಕಾಂಡವೇ, ಒಡೆದಿರುವುದಿಲ್ಲ. ಬೆಳಕಿಗಾಗಿ ಉದ್ದಕ್ಕೆ ಹೋಗಿರುತ್ತದೆ, ತುದಿಯಲ್ಲಿ ಒಂದೇ ತೆನೆ, ಅದರಲ್ಲಿ ಕಿರಿದಾದ ಮೂರೋ ನಾಲ್ಕೋ ಇಲುಕು, ಅಂದರೆ ತೆನೆಯ ಬೆರಳು. ಈಗ ಬದುವಿನ ಪಕ್ಕ ಒಂಟಿಯಾಗಿ ಬೆಳೆದದ್ದನ್ನು ಕೀಳಿ. ಬುಡ ಹೆಬ್ಬೆರಳಿನ ಗಾತ್ರ, ಬೇರು ಪೊರಕೆಯ ಹಾಗೆ ಹರಡಿ ಮಣ್ಣನ್ನು ಬಿಡುವುದೇ ಇಲ್ಲ. ಮೂರು ನಾಲ್ಕು ತೆಂಡೆ, ಪ್ರತಿ ತೆನೆಗೂ ಏಳೆಂಟು ಇಲುಕು. ಒಂದೇ ಮೂಟೆಯ ಬೀಜ ಎರಡೂ.

ಇದನ್ನು ಲೆಕ್ಕಕ್ಕೆ ಹಾಕೋಣ. ಚದರ ಮೀಟರಿಗೆ 33 ಪೈರು ಎಂದರೆ ಎಕರೆಗೆ 1 ಲಕ್ಷ 33 ಸಾವಿರ. ಪ್ರತಿ ಪೈರಿಗೂ ಎರಡು ಒಳ್ಳೆಯ ತೆನೆ, ತೆನೆಗೆ 4 ಗ್ರಾಂ ಕಾಳು ಎಂದುಕೊಳ್ಳಿ. ಹತ್ತೂವರೆ ಕ್ವಿಂಟಲ್ ದಾಟುತ್ತದೆ. ಚದರ ಮೀಟರಿಗೆ 100 ಪೈರು, ಒಂದೊಂದಕ್ಕೂ ಒಂದೇ ತೆನೆ, ತೆನೆಗೆ ಒಂದೂವರೆ ಗ್ರಾಂ ಎಂದುಕೊಳ್ಳಿ. 6 ಕ್ವಿಂಟಲ್. ಪೈರು ಮೂರು ಪಟ್ಟು, ಫಸಲು ಅರ್ಧಕ್ಕೆ ಹತ್ತಿರ. ನಿಮ್ಮಿಬ್ಬರ ಕಣದ ಲೆಕ್ಕಕ್ಕೆ ಇದು ಎಷ್ಟು ಹತ್ತಿರ ಬಂತು ನೋಡಿ.

ಹಾವೇರಿ ಕಡೆಯ ರೈತರ ಗುಳಿ ರಾಗಿ ಬಗ್ಗೆ ಕೇಳಿರಬಹುದು. ಒಂದೂವರೆ ಅಡಿಗೊಂದು ಗುಳಿ, ಗುಳಿಗೆ ಎರಡೇ ಸಸಿ. ಎಕರೆಗೆ 40 ಸಾವಿರ ಸಸಿ ಸಾಕು, ಅರ್ಧ ಕೆಜಿ ಬೀಜ ಕೂಡ ಬೇಡ. ಪೈರು ಎಳೆಯದಿರುವಾಗ ಅದರ ಮೇಲೆ ಕೊರಡು, ಅಂದರೆ ಮರದ ದಿಮ್ಮಿ, ಎಳೆಯುತ್ತಾರೆ. ಹೊಸದಾಗಿ ನೋಡುವವರಿಗೆ ಎದೆ ಝಲ್ ಅನ್ನುತ್ತದೆ. ಆದರೆ ಬಾಗಿದ ಪೈರು ಬುಡದಿಂದ ತೆಂಡೆ ಮೇಲೆ ತೆಂಡೆ ಒಡೆದು ಪೊದೆಯಾಗಿ ಏಳುತ್ತದೆ. ರಾಗಿಗೆ ಜಾಗ ಕೊಟ್ಟರೆ ಅದು ಏನು ಮಾಡಬಲ್ಲದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನಾನು ಕಂಡಿಲ್ಲ. ನಿಮ್ಮ ದಿಬ್ಬದ ಹೊಲಕ್ಕೆ ಇಡೀ ಎರಡು ಎಕರೆಗೆ ಇದನ್ನೇ ಮಾಡಿ ಅಂತ ಹೇಳುವುದಿಲ್ಲ, ಆಳು ಜಾಸ್ತಿ ಬೇಕು, ತೆಂಡೆಗೆ ತೇವವೂ ಬೇಕು. ತಗ್ಗಿನ ಕಡೆ ಐದು ಗುಂಟೆಯಲ್ಲಿ ಮಾಡಿ ನೋಡಿ.

ಉಳಿದ ಜಾಗಕ್ಕೆ ಕೂರಿಗೆ ಬಿತ್ತನೆ, ಎಕರೆಗೆ 5 ಕೆಜಿ ಬೀಜ. ಇದೂ ಬೇಕಾದದ್ದಕ್ಕಿಂತ ಜಾಸ್ತಿಯೇ. ಮಳೆ ಬಿದ್ದು ಬಿಸಿಲಾದರೆ ಕೆಂಪು ಮಣ್ಣು ಮೇಲೆ ಹಪ್ಪಳದ ಹಾಗೆ ಗಟ್ಟಿಯಾಗುತ್ತದೆ, ರಾಗಿಯ ಸಣ್ಣ ಮೊಳಕೆಗೆ ಅದನ್ನು ಒಡೆಯುವ ಕಸುವಿಲ್ಲ. ಅದಕ್ಕೇ ಸ್ವಲ್ಪ ಧಾರಾಳ. ಒಂದು ಅಂಗುಲಕ್ಕಿಂತ ಆಳಕ್ಕೆ ಬೀಜ ಬೀಳದಂತೆ ನೋಡಿಕೊಳ್ಳಿ. ಬಿತ್ತುವ ಹದ ನೋಡುವುದು ನಿಮಗೆ ಹೇಳಿಕೊಡಬೇಕಿಲ್ಲ: ಮಣ್ಣು ಹಿಡಿದು ಉಂಡೆ ಕಟ್ಟಿದರೆ ನಿಲ್ಲಬೇಕು, ಎದೆಯ ಎತ್ತರದಿಂದ ಬಿಟ್ಟರೆ ಪುಡಿಯಾಗಬೇಕು.

ಬಿತ್ತಿ ಎರಡು ಮೂರು ವಾರಕ್ಕೆ, ಮಣ್ಣಲ್ಲಿ ತೇವ ಇದ್ದಾಗ ಹಲುಬೆ (ಹಲ್ಲಿರುವ ಹರಗುವ ಸಾಧನ) ಹೊಡೆದು ಒತ್ತು ಬಿಡಿಸಿ. ಆಮೇಲೂ ಒತ್ತಾಗಿ ಕಂಡಲ್ಲಿ ಕೈಯಿಂದ ಕಿತ್ತು, ಬೋಳಾದ ಕಡೆ ನೆಡಿ. ಇಲ್ಲಿ ತುಂಬ ಜನ ಹಿಂದೇಟು ಹಾಕುತ್ತಾರೆ. ಹಸಿರು ಪೈರು ಕೀಳಲು ಕೈ ಬರುವುದಿಲ್ಲ. ನನಗೆ ಅದು ಅರ್ಥವಾಗುತ್ತದೆ. ಆದರೆ ಆ ಕೆಲಸವನ್ನು ನೀವು 20ನೇ ದಿನಕ್ಕೆ ಮಾಡದಿದ್ದರೆ ಬರಗಾಲ 60ನೇ ದಿನಕ್ಕೆ ಮಾಡುತ್ತದೆ, ಅಷ್ಟರಲ್ಲಿ ಎಲ್ಲ ಪೈರೂ ಸೇರಿ ಮಣ್ಣಿನ ನೀರು ಕುಡಿದು ಮುಗಿಸಿರುತ್ತವೆ.

ಸಾಲು ಬಿತ್ತನೆಯ ಇನ್ನೊಂದು ಲಾಭ ಸಾಲಿನ ನಡುವೆ ಕಳೆ ತೆಗೆಯುವ ಎಡೆಕುಂಟೆ ಆಡುತ್ತದೆ ಅನ್ನುವುದು. ಮೊದಲ ಒಂದು, ಒಂದೂವರೆ ತಿಂಗಳು ಕಳೆ ಇರಬಾರದು. ಕಾಡುರಾಗಿ ಎಳೆಯದರಲ್ಲಿ ರಾಗಿಯ ಹಾಗೇ ಇರುತ್ತದೆ, ಚೆಲ್ಲಿದ ಹೊಲದಲ್ಲಿ ಗುರುತೇ ಸಿಗುವುದಿಲ್ಲ. ಸಾಲಿನಲ್ಲಾದರೆ ಸಾಲಿನ ಹೊರಗೆ ಹುಟ್ಟಿದ್ದೆಲ್ಲ ಕಳೆಯೇ.

ಈಗ ಗೊಬ್ಬರ. ಮಳೆಯಾಶ್ರಿತ ರಾಗಿಗೆ ಶಿಫಾರಸು ಎಕರೆಗೆ 20 ಕೆಜಿ ಸಾರಜನಕ, 16 ಕೆಜಿ ರಂಜಕ, 15 ಕೆಜಿ ಪೊಟ್ಯಾಷ್. ನೀವು ಹಾಕಿದ 50 ಕೆಜಿ ಡಿಎಪಿಯಲ್ಲಿ 23 ಕೆಜಿ ರಂಜಕ, 9 ಕೆಜಿ ಸಾರಜನಕ ಇದೆ. 45 ಕೆಜಿ ಯೂರಿಯಾ ಮೂಟೆಯಲ್ಲಿ 20 ಕೆಜಿಗಿಂತ ಜಾಸ್ತಿ ಸಾರಜನಕ. ಅಂದರೆ ಸಾರಜನಕ ಈಗಾಗಲೇ ಸುಮಾರು ಒಂದೂವರೆ ಪಟ್ಟು ಆಗಿದೆ, ರಂಜಕವೂ ಹೆಚ್ಚೇ, ಪೊಟ್ಯಾಷ್ ಸೊನ್ನೆ. ಇನ್ನೂ ಯೂರಿಯಾ ಹಾಕಿದರೆ ಪೈರು ಕಡುಹಸಿರಾಗಿ ಚೆಂದ ಕಾಣುತ್ತದೆ, ಆಮೇಲೆ ಗಾಳಿಗೆ ಮಲಗುತ್ತದೆ. ಒತ್ತಾದ ಪೈರು, ಜಾಸ್ತಿ ಯೂರಿಯಾ, ಮೋಡ ಮುಸುಕಿದ ಜಿಟಿಜಿಟಿ ಮಳೆ, ಮೂರೂ ಕೂಡಿದರೆ ಕುತ್ತಿಗೆ ಬೆಂಕಿ ರೋಗಕ್ಕೆ ಬಾಗಿಲು ತೆರೆದ ಹಾಗೆ. ತಳಿಗೆ ತಡೆಯುವ ಶಕ್ತಿ ಇದೆ ಎಂದು ಪರೀಕ್ಷೆ ಮಾಡಲು ಹೋಗಬಾರದು.

ಮುಂದಿನ ಸಲ ಎಕರೆಗೆ ಹೀಗೆ ಹಾಕಿ. ಬಿತ್ತುವಾಗ ಡಿಎಪಿ 35 ಕೆಜಿ, ಮ್ಯೂರಿಯೇಟ್ ಆಫ್ ಪೊಟ್ಯಾಷ್ 25 ಕೆಜಿ, ಯೂರಿಯಾ 8 ಕೆಜಿ. ಒಂದು ತಿಂಗಳಿಗೆ ಕಳೆ ತೆಗೆದ ಮೇಲೆ, ಮಣ್ಣು ಹಸಿಯಿರುವಾಗ ಯೂರಿಯಾ 22 ಕೆಜಿ. ಮಳೆ ಇಲ್ಲದಿದ್ದರೆ ಆ ಯೂರಿಯಾವನ್ನು ಚೆಲ್ಲಬೇಡಿ, ಕಾಯಿರಿ.

ಮಣ್ಣು ಪರೀಕ್ಷೆ ಮಾಡಿಸಿಲ್ಲ ಅನಿಸುತ್ತದೆ, ಪತ್ರದಲ್ಲಿ ಆ ಮಾತಿಲ್ಲ. ದಿಬ್ಬ ಮತ್ತು ತಗ್ಗಿನ ಮಣ್ಣು ಬೇರೆ ಬೇರೆಯಾಗಿ ತೆಗೆಯಿರಿ. ಎಂಟು ಹತ್ತು ಕಡೆ ಆರು ಅಂಗುಲ ಆಳದಿಂದ ತೆಗೆದು, ಬೆರೆಸಿ, ಅರ್ಧ ಕೆಜಿ ಕೊಡಿ. ತಿಪ್ಪೆ ಜಾಗ, ಮರದ ನೆರಳು, ಬದುವಿನ ಪಕ್ಕ ಬೇಡ. 2009ರಲ್ಲಿ ಶುರುವಾದ ಭೂಚೇತನ ಯೋಜನೆಯಲ್ಲಿ ರಾಜ್ಯದ ಮಳೆಯಾಶ್ರಿತ ಜಮೀನುಗಳ ಮಣ್ಣು ಪರೀಕ್ಷಿಸಿದಾಗ ಸತು, ಬೋರಾನ್, ಗಂಧಕದ ಕೊರತೆ ವ್ಯಾಪಕವಾಗಿ ಕಂಡಿತ್ತು. ನಿಮ್ಮ ಮಣ್ಣು ಪರೀಕ್ಷೆಯ ಕಾರ್ಡಿನಲ್ಲೂ ಸತು ಕಡಿಮೆ ಬಂದರೆ ಎಕರೆಗೆ 5 ಕೆಜಿ ಸತುವಿನ ಸಲ್ಫೇಟ್ ಸಾಕು. ಅದನ್ನು ಡಿಎಪಿ ಜೊತೆ ಬೆರೆಸಬೇಡಿ, ಕೊಟ್ಟಿಗೆ ಗೊಬ್ಬರದ ಜೊತೆ ಹಾಕಿ. ಮಣ್ಣು ಹುಳಿಯಾಗಿದ್ದರೆ ಸುಣ್ಣ ಹಾಕಬೇಕಾಗುತ್ತದೆ, ಇಲ್ಲದಿದ್ದರೆ ಹಾಕಿದ ರಂಜಕ ಮಣ್ಣಿನ ಕಬ್ಬಿಣಕ್ಕೆ ಅಂಟಿಕೊಂಡು ಪೈರಿಗೆ ಸಿಗುವುದಿಲ್ಲ.

ಕೊಟ್ಟಿಗೆ ಗೊಬ್ಬರದ ಬಗ್ಗೆ ನೀವು ಏನೂ ಬರೆದಿಲ್ಲ. ಅಣ್ಣನ ಮನೆಯಲ್ಲಿ ಹಸು ಇವೆಯಾ? ಇದ್ದರೆ ಉತ್ತರದ ಇನ್ನೊಂದು ತುಂಡು ಅವರ ತಿಪ್ಪೆಯಲ್ಲಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1978ರಿಂದ ಒಂದೇ ಜಾಗದಲ್ಲಿ ರಾಗಿ ಬೆಳೆದು ನೋಡುತ್ತಿರುವ ಪ್ರಯೋಗ ಇದೆ. ಒಂದು ತಾಕಿಗೆ ರಾಸಾಯನಿಕ ಗೊಬ್ಬರ ಮಾತ್ರ, ಇನ್ನೊಂದಕ್ಕೆ ಕೊಟ್ಟಿಗೆ ಗೊಬ್ಬರ, ಮತ್ತೊಂದಕ್ಕೆ ಎರಡೂ. ಬರೀ ರಾಸಾಯನಿಕ ಗೊಬ್ಬರದ ತಾಕಿನಲ್ಲಿ ವರ್ಷ ಕಳೆದಂತೆ ಇಳುವರಿ ಇಳಿಯಿತು. ಎರಡೂ ಹಾಕಿದ ತಾಕು ಗಟ್ಟಿಯಾಗಿ ನಿಂತಿತು. ಗೊಬ್ಬರದ ಅಂಗಡಿಗೆ ಹೋಗುವ ಮುಂಚೆ ಯಾರಾದರೂ ನನ್ನ ಮಾತು ಕೇಳುವುದಾದರೆ ನಾನು ಹೇಳುವುದು ಈ ಪ್ರಯೋಗದ ಕಥೆಯನ್ನೇ.

ಎಕರೆಗೆ 3 ಟನ್ ಕೊಟ್ಟಿಗೆ ಗೊಬ್ಬರ ಬೇಕು. ದನ ಇಲ್ಲದಿದ್ದರೆ ಏಪ್ರಿಲ್, ಮೇ ಮಳೆಗೆ ಸೆಣಬು ಇಲ್ಲವೇ ಹುರುಳಿ ಚೆಲ್ಲಿ, ಹೂವಾಗುವ ಹೊತ್ತಿಗೆ ಮಣ್ಣಿಗೆ ಸೇರಿಸಿ, ಕೊಳೆಯಲು ಎರಡು ವಾರ ಬಿಟ್ಟು ರಾಗಿ ಬಿತ್ತಿ. ಬದುವಿನ ಮೇಲೆ ಗ್ಲಿರಿಸಿಡಿಯಾ ಕಡ್ಡಿ ನೆಡಿ, ಎರಡು ವರ್ಷಕ್ಕೆ ಸೊಪ್ಪು ಬರುತ್ತದೆ, ಮಣ್ಣನ್ನೂ ಹಿಡಿಯುತ್ತದೆ. ಪಕ್ಕದಲ್ಲಿ ನೀಲಗಿರಿ ಇದ್ದರೆ ಮಾತ್ರ ಅದರ ಬದಿಯ ಸಾಲುಗಳು ಸೊರಗುತ್ತವೆ, ಅದಕ್ಕೆ ನಡುವೆ ಆಳದ ಕಾಲುವೆ ತೆಗೆದು ಬೇರು ತಡೆಯುವುದೇ ದಾರಿ.

ಎಲ್ಲವನ್ನೂ ಒಂದೇ ವರ್ಷ ಮಾಡಲು ಆಗುವುದಿಲ್ಲ, ಗೊತ್ತು. ದುಡ್ಡಿಲ್ಲದೆ ಆಗುವುದು ಮೊದಲು ಮಾಡಿ: ಕೂರಿಗೆಯನ್ನು ಜೂನ್‌ನಲ್ಲೇ ಮಾತಾಡಿಕೊಳ್ಳಿ, ಬೀಜ ಅರ್ಧಕ್ಕೆ ಇಳಿಸಿ, ಇಳಿಜಾರಿಗೆ ಅಡ್ಡ ಬಿತ್ತಿ, ಒತ್ತು ಬಿಡಿಸಿ. ಬದು, ಹಸಿರೆಲೆ ಗೊಬ್ಬರ ಆಮೇಲೆ. ನೇರ ಗೋಡೆಯ ಒಂದು ಖಾಲಿ ಡಬ್ಬ ಹೊಲದ ಬಯಲಿನಲ್ಲಿ ಇಟ್ಟು, ಮಳೆ ನಿಂತ ಕೂಡಲೇ ಸ್ಕೇಲ್‌ನಿಂದ ಅಳೆದು ಕ್ಯಾಲೆಂಡರ್ ಮೇಲೆ ಬರೆಯುತ್ತಾ ಬನ್ನಿ. ಬಿತ್ತಿದ 30ನೇ ದಿನ ನಾಲ್ಕು ಕೋಲು ಸೇರಿಸಿ ಒಂದು ಮೀಟರಿನ ಚೌಕ ಮಾಡಿ, ಹೊಲದ ಐದು ಕಡೆ ಇಟ್ಟು ಪೈರು ಎಣಿಸಿ. ದಿಬ್ಬದಲ್ಲಿ ಎಷ್ಟು, ತಗ್ಗಿನಲ್ಲಿ ಎಷ್ಟು, ಬೇರೆ ಬೇರೆ ಬರೆಯಿರಿ. ಆ ಐದು ಸಂಖ್ಯೆ ಮತ್ತು ಅಲ್ಲಿಯವರೆಗಿನ ಮಳೆಯ ಲೆಕ್ಕ ನನಗೆ ಕಳಿಸಿ. ಎರಡನೇ ಕಂತಿನ ಯೂರಿಯಾ ಎಷ್ಟು, ಯಾವಾಗ ಅನ್ನುವುದನ್ನು ಅದನ್ನು ನೋಡಿ ಹೇಳುತ್ತೇನೆ.